ಎರಡು ಊರಿನಲ್ಲಿ ಕಟ್ಟುತ್ತಿರುವ ಒಂದೇ ಆಟಿಕೆ ಕೋಟೆ: ತುಂಡುಗಳು ಕೂಡುತ್ತಿಲ್ಲ, ಏನು ಮಾಡಬೇಕು?

ಕೋಥ್ರೂಡ್ ನಿವಾಸಿ, ಪುಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಷಡ್ಡಕರೂ ಸೇರಿ ಲೆಗೊ ಇಟ್ಟಿಗೆಗಳಲ್ಲಿ ಕಡಲ್ಗಳ್ಳರ ಕಾಲದ ಒಂದು ಕಡಲಕೋಟೆಯನ್ನು ಕಟ್ಟುತ್ತಿದ್ದೇವೆ. ನಾನಿರುವುದು ಪುಣೆಯಲ್ಲಿ, ಅವರಿರುವುದು ಡೊಂಬಿವಲಿಯಲ್ಲಿ. ಆದ್ದರಿಂದ ಕೋಟೆಯನ್ನು ಆರು ತುಂಡುಗಳಾಗಿ ಹಂಚಿಕೊಂಡು, ಮೂರನ್ನು ನಾನು, ಮೂರನ್ನು ಅವರು ಮನೆಯಲ್ಲೇ ಕಟ್ಟಿ, ದೀಪಾವಳಿಯ ಹೊತ್ತಿಗೆ ನಮ್ಮ ಸೊಸೈಟಿಯ ಅಂಗಳದಲ್ಲಿ ಜೋಡಿಸಿ ಇಡುವುದೆಂದು ಮಾತಾಗಿತ್ತು. ಈ ಕಡೆ ದೀಪಾವಳಿಗೆ ಮಕ್ಕಳು ಮಣ್ಣಿನಲ್ಲಿ ಕಿಲ್ಲಾ ಕಟ್ಟಿ, ಅದರ ಇಳಿಜಾರಿನಲ್ಲಿ ಕಾಳು ಚೆಲ್ಲಿ ಹಸಿರು ಮೊಳೆಯಿಸಿ, ಶಿವಾಜಿ ಮಹಾರಾಜರ ಮತ್ತು ಮಾವಳೆ ಸೈನಿಕರ ಗೊಂಬೆಗಳನ್ನು ಕೂರಿಸುವ ಪದ್ಧತಿ ಇರುವುದು ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ಮಕ್ಕಳ ಮಣ್ಣಿನ ಕಿಲ್ಲಾದ ಪಕ್ಕದಲ್ಲಿ ದೊಡ್ಡವರದ್ದೂ ಒಂದು ಇರಲಿ ಎಂಬ ಆಸೆಯೇ ಇದಕ್ಕೆಲ್ಲ ಮೂಲ.

ಚೌತಿಗೆ ಅವರು ಮನೆಮಂದಿಯೊಡನೆ ಬಂದಾಗ ತಮ್ಮ ಮೊದಲ ತುಂಡನ್ನು ಸೇಬಿನ ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ಕಲ್ಯಾಣದಿಂದ ಇಲ್ಲಿಯವರೆಗೂ ತೊಡೆಯ ಮೇಲೆಯೇ ಇಟ್ಟುಕೊಂಡು ತಂದಿದ್ದರು. ಊಟದ ಮೇಜನ್ನು ಒರೆಸಿ ಎರಡು ತುಂಡುಗಳನ್ನೂ ಒಂದಕ್ಕೊಂದು ತಾಗಿಸಿದಾಗ ಅವರ ಗೋಡೆ ನನ್ನ ಗೋಡೆಗಿಂತ ಒಂದಿಷ್ಟೇ ಎತ್ತರವಾಗಿತ್ತು. ಸ್ಕೇಲು ಹಿಡಿದು ನೋಡಿದರೆ ಎರಡು ಮಿಲಿಮೀಟರಿಗೂ ಕಡಿಮೆ. ನನ್ನ ಕಡೆಗೆ ಒಂದು ಪ್ಲೇಟ್, ಅಂದರೆ ತೆಳುವಾದ ಚಪ್ಪಟೆ ಇಟ್ಟಿಗೆ, ಸೇರಿಸಿದೆ. ಆಗ ನನ್ನದು ಅವರದಕ್ಕಿಂತ ಮೇಲಾಯಿತು, ತೆಗೆದರೆ ಮತ್ತೆ ಕೆಳಗೆ. ಸಾಲದೆಂಬಂತೆ ಇಬ್ಬರ ಅಂಚಿನಲ್ಲೂ ಪಕ್ಕದ ತುಂಡಿನ ತೂತಿಗೆ ಹೋಗಬೇಕಾದ ಪಿನ್ನುಗಳೇ ಹೊರಚಾಚಿಕೊಂಡಿದ್ದು, ಕಾಳಗಕ್ಕೆ ನಿಂತ ಟಗರುಗಳ ಹಾಗೆ ಎದುರುಬದುರಾಗಿ ನಿಂತವು. ಮಕ್ಕಳು ನಕ್ಕರು. ಎರಡೂ ಮನೆಯ ಅಕ್ಕತಂಗಿಯರು ಇನ್ನೂ ನಗುತ್ತಿದ್ದಾರೆ.

ನನ್ನ ಅಡಿಪಾಯ 32×32 ಸ್ಟಡ್‌ಗಳ (ಇಟ್ಟಿಗೆ ಕಚ್ಚಿಕೊಳ್ಳುವ ಮೇಲಿನ ಗುಬುಟುಗಳ) ಒಂದು ಹಸಿರು ಬೇಸ್‌ಪ್ಲೇಟ್; ಅವರದು 16×16ರ ನಾಲ್ಕು ಪ್ಲೇಟ್‌ಗಳನ್ನು ಕೂಡಿಸಿದ್ದು. ಅಳತೆ ತಪ್ಪಿದ್ದು ಅವರಿಂದಲೇ ಎಂದು ನನ್ನ ಅನಿಸಿಕೆ, ಆದರೆ ಅವರು ವಯಸ್ಸಿನಲ್ಲಿ ಹಿರಿಯರು, ಬಾಯಿಬಿಟ್ಟು ಹೇಳುವಂತಿಲ್ಲ.

ಇನ್ನೆರಡು ತೊಡಕುಗಳಿವೆ. ಅವರಿಗೆ ಪೋರ್ಚುಗೀಸರ ಮಾದರಿಯ ಮೊನೆಚಾದ ಕೊತ್ತಲಗಳು ಬೇಕು, ನನಗೆ ಮುರುಡ್ ಜಂಜೀರಾದಲ್ಲಿರುವಂಥ ದುಂಡನೆಯ ಕೊತ್ತಲಗಳು ಬೇಕು. ಜೊತೆಗೆ ಅವರ ಬೂದು ಇಟ್ಟಿಗೆಗಳೆಲ್ಲ ಬಾಲ್ಯದಲ್ಲಿ ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟವು. ನನ್ನ ಬೂದಿನ ಪಕ್ಕದಲ್ಲಿಟ್ಟರೆ ಹಳದಿಗೆ ತಿರುಗಿದಂತೆ ಕಾಣುತ್ತವೆ. ಬಲ್ಲವರು ದಾರಿ ತೋರಿಸಬೇಕು.

ಮಾಪುಸಾದ ಮೇಸ್ತ್ರಿ, ಗೋವಾ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಟ್ಟಡದ ಮೇಲ್ವಿಚಾರಣೆಯೇ ನನ್ನ ಕಸುಬು, ಆಟಿಕೆಯ ಇಟ್ಟಿಗೆ ರಾತ್ರಿಯ ಹೊತ್ತಿನ ಹವ್ಯಾಸ. ಎರಡರಲ್ಲೂ ಜಗಳ ಹುಟ್ಟುವುದು ಅಡಿಪಾಯದಲ್ಲೇ.

ಮೊದಲು ಎತ್ತರದ ವಿಷಯ. ಲೆಗೊದಲ್ಲಿ ಒಂದು ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಒಂದು ಪ್ಲೇಟಿನದು 3.2, ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ. ಇಡೀ ವ್ಯವಸ್ಥೆ ನಿಂತಿರುವುದು ಈ ಲೆಕ್ಕದ ಮೇಲೆ, ಆದರೆ ಬೇಸ್‌ಪ್ಲೇಟ್ ಎಂಬ ಹಾಳೆಯೊಂದು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದರ ದಪ್ಪ ಪ್ಲೇಟಿನ ಸರಿಸುಮಾರು ಅರ್ಧ. ಹಾಗಾಗಿ ಬೇಸ್‌ಪ್ಲೇಟಿನ ಮೇಲೆ ಎದ್ದ ಗೋಡೆಗೂ ಪ್ಲೇಟಿನ ಮೇಲೆ ಎದ್ದ ಗೋಡೆಗೂ ಉಳಿಯುವ ವ್ಯತ್ಯಾಸವನ್ನು ಎಷ್ಟು ಪ್ಲೇಟ್ ಸೇರಿಸಿದರೂ ಎಷ್ಟು ಕಳೆದರೂ ತುಂಬಿಸಲು ಬರುವುದಿಲ್ಲ. ನೀವು ಪಟ್ಟ ಪಾಡು ಅದೇ.

ಪರಿಹಾರ ಸುಲಭ, ಆದರೆ ನಿಮಗೆ ರುಚಿಸಲಿಕ್ಕಿಲ್ಲ. ಆರೂ ತುಂಡುಗಳಿಗೆ ಕೆಳಗೆ ಒಂದೇ ಬಗೆಯ ಬೇಸ್‌ಪ್ಲೇಟ್ ಹಾಕಿ, ಅದರ ಮೇಲೆ ಅಂಚಿನ ಸುತ್ತ ಮತ್ತು ನಡುನಡುವೆ ಒಂದು ವರಸೆ ಇಟ್ಟಿಗೆ ಇಟ್ಟು, ಆ ಇಟ್ಟಿಗೆಗಳ ಮೇಲೆ ಪ್ಲೇಟ್‌ಗಳ ಹಾಸು ಹೊದಿಸಿ, ಆಮೇಲೆ ಗೋಡೆ ಎಬ್ಬಿಸಬೇಕು. ಷಡ್ಡಕರ 16×16 ಪ್ಲೇಟ್‌ಗಳಿಗೆ ಅಡಿಯಲ್ಲಿ ಕೊಳವೆಗಳಿರುವುದರಿಂದ ಅವರ ತುಂಡನ್ನು ಇದ್ದ ಹಾಗೆಯೇ ಎತ್ತಿ ಇಟ್ಟಿಗೆಯ ವರಸೆಯ ಮೇಲೆ ಒತ್ತಿಬಿಡಬಹುದು. ನಿಮ್ಮ ಬೇಸ್‌ಪ್ಲೇಟಿನ ಅಡಿ ಬೋಳು. ಅದು ಯಾವುದರ ಮೇಲೂ ಕೂರುವುದಿಲ್ಲ. ಹಾಗಾಗಿ ಕೆಡವಬೇಕಾದವರು ನೀವೇ ಹೊರತು ಅವರಲ್ಲ. ಬಾಯಿಬಿಟ್ಟು ಹೇಳದಿದ್ದುದೇ ಒಳ್ಳೆಯದಾಯಿತು.

ಆ ಒಂದು ವರಸೆಯ ಪೊಳ್ಳಿನಿಂದ ಇನ್ನೊಂದು ಲಾಭವಿದೆ: ಜೋಡಣೆಯ ಪಿನ್ನುಗಳಿಗೆ ಅಲ್ಲಿಯೇ ಜಾಗ ಸಿಗುತ್ತದೆ, ಮೇಲಿನ ಗೋಡೆಗೆ ಒಂದು ತೂತೂ ಬೀಳುವುದಿಲ್ಲ. ಕೋಟೆಯ ಒಳಗೆ ನಿಂತು ಹೊರಗೆ ನೋಡಿದಾಗ ಎಡಗೈ ಕಡೆಯ ಅಂಚಿನಲ್ಲಿ ಯಾವಾಗಲೂ ಪಿನ್ನು, ಬಲಗೈ ಕಡೆಯಲ್ಲಿ ಯಾವಾಗಲೂ ತೂತು ಎಂದು ನಿಯಮ ಮಾಡಿಕೊಳ್ಳಿ. ತೂತುಗಳ ಜಾಗ ಮೂಲೆಯಿಂದ ಎಷ್ಟನೆಯ ಸ್ಟಡ್ಡಿಗೆ ಎಂಬುದನ್ನು ಕಾಗದದಲ್ಲಿ ಬರೆದು ಇಬ್ಬರ ಮೇಜಿನ ಎದುರಿಗೂ ಅಂಟಿಸಿಕೊಳ್ಳಿ. ಹಾಗೆ ಮಾಡಿದರೆ ಯಾವ ತುಂಡಿಗೆ ಯಾವ ತುಂಡನ್ನು ತಂದರೂ ಕೂಡುತ್ತದೆ, ಮುಂದಿನ ವರ್ಷ ಕೋಟೆಯ ಆಕಾರವನ್ನೇ ಬದಲಿಸಬಹುದು. ಪಿನ್ನುಗಳಲ್ಲಿ ಕಪ್ಪಗಿನವು ಬಿಗಿಯಾಗಿ ಹಿಡಿಯುವಂಥವು, ತಿಳಿಬೂದು ಬಣ್ಣದವು ಸಲೀಸಾಗಿ ತಿರುಗುವಂಥವು. ನಿಮಗೆ ಬೇಕಾದವು ತಿಳಿಬೂದಿನವು. ಕಪ್ಪು ಪಿನ್ನು ಹಾಕಿ ಬಿಡಿಸಲು ಹೋದರೆ ಗೋಡೆಯೇ ಕೈಗೆ ಬರುತ್ತದೆ. ಮೇಲ್ತುದಿಯಲ್ಲಿ ಎಲ್ಲಿಯೂ ಬಿಗಿಯಬೇಡಿ, ಎತ್ತರದ ಗೋಡೆ ಸ್ವಲ್ಪ ಬಾಗಿಯೇ ಇರುತ್ತದೆ, ಮೇಲೆಯೂ ಕೆಳಗೂ ಒಟ್ಟಿಗೆ ಕೂಡಿಸುವ ಹಟ ಬೇಡ.

ತುಂಡುಗಳ ನಡುವೆ ಬೇರೆಯಾಗಿ ಸಂದಿ ಬಿಡುವ ಅಗತ್ಯವಿಲ್ಲ. ಸ್ಟಡ್ಡಿನಿಂದ ಸ್ಟಡ್ಡಿಗೆ ಇರುವ ದೂರ 8 ಮಿಲಿಮೀಟರ್, ಆದರೆ ಒಂದು ಸ್ಟಡ್ಡಿನ ಇಟ್ಟಿಗೆಯ ಅಗಲ 7.8, ಅಲುಗಲು ಬೇಕಾದ ಜಾಗವನ್ನು ಅಚ್ಚು ಮಾಡಿದವರೇ ಬಿಟ್ಟಿದ್ದಾರೆ.

ಇನ್ನು ತುಂಡು ಮಾಡಬೇಕಾದದ್ದು ಎಲ್ಲಿ? ನೀವು ಬರೆದದ್ದನ್ನು ನೋಡಿದರೆ ಗೋಡೆಯ ನಟ್ಟನಡುವೆ ಕತ್ತರಿಸಿದಂತಿದೆ. ನೇರ ಗೋಡೆಯ ಮಧ್ಯದ ಸಂದಿಯನ್ನು ಕುರುಡನೂ ಗುರುತಿಸುತ್ತಾನೆ. ಗೋಡೆ ಬಂದು ಕೊತ್ತಲವನ್ನು ಸೇರುವ ಒಳಮೂಲೆಯಲ್ಲಿ ಕತ್ತರಿಸಿ. ಅಲ್ಲಿ ಹೇಗೂ ಒಂದು ಗೆರೆ ಇರಬೇಕೆಂದು ಕಣ್ಣು ನಿರೀಕ್ಷಿಸುತ್ತದೆ, ಮೇಲಾಗಿ ಅಲ್ಲಿ ನೆರಳು ಬೀಳುತ್ತದೆ. ನಾನು ಕುಮಟಾದ ಕಡೆಯವನು, ಮಿರ್ಜಾನ ಕೋಟೆಯಲ್ಲಿ ಆಡಿ ಬೆಳೆದವನು. ಅಲ್ಲಿನ ದುಂಡು ಕೊತ್ತಲದ ಬುಡದಲ್ಲಿ ಗೋಡೆ ಒಳಸೇರುವ ಜಾಗವನ್ನು ನೆನಪಿಸಿಕೊಂಡು ಹೇಳುತ್ತಿದ್ದೇನೆ.

ಗೋಡೆಯ ದಪ್ಪದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೆಗೊ ಗೊಂಬೆಯ ಎತ್ತರ ಸುಮಾರು 4 ಸೆಂಟಿಮೀಟರ್ ಎಂದು ಹಿಡಿದರೆ ನಿಮ್ಮ ಕೋಟೆ ನಿಜದ ನಲವತ್ತರಲ್ಲೊಂದು ಪಾಲಿನ ಆಸುಪಾಸು. ಮಾಲವಣದ ಸಿಂಧುದುರ್ಗದ ಗೋಡೆ ಸುಮಾರು 30 ಅಡಿ ಎತ್ತರ, 12 ಅಡಿ ದಪ್ಪ, ಸುತ್ತಳತೆ 3 ಕಿಲೋಮೀಟರಿನಷ್ಟು. ನಿಮ್ಮ ಅಳತೆಗೆ ಇಳಿಸಿದರೆ ಎತ್ತರ 24 ವರಸೆ, ದಪ್ಪ 11 ಸ್ಟಡ್, ಸುತ್ತಳತೆ ಮಾತ್ರ 75 ಮೀಟರ್! ಸುತ್ತಳತೆಯನ್ನು ಕೈಬಿಡಿ, ಆದರೆ ದಪ್ಪವನ್ನು ಬಿಡಬೇಡಿ. ಒಂದು ಸ್ಟಡ್ ದಪ್ಪದ ಗೋಡೆ ಕಾಂಪೌಂಡಿನಂತೆ ಕಾಣುತ್ತದೆಯೇ ಹೊರತು ಕೋಟೆಯಂತೆ ಕಾಣುವುದಿಲ್ಲ. ಹೊರಗೊಂದು ಒಳಗೊಂದು ಒಂದೊಂದೇ ಸ್ಟಡ್ಡಿನ ಗೋಡೆ ಎಬ್ಬಿಸಿ, ನಡುವೆ ಪೊಳ್ಳು ಬಿಟ್ಟು, ನಾಲ್ಕೈದು ವರಸೆಗೊಮ್ಮೆ ಉದ್ದನೆಯ ಪ್ಲೇಟ್ ಅಡ್ಡ ಹಾಕಿ ಎರಡನ್ನೂ ಬಿಗಿಯಿರಿ. ನಿಜವಾದ ಕೋಟೆಯ ಗೋಡೆಯನ್ನೂ ಬಹುಮಟ್ಟಿಗೆ ಹೀಗೆಯೇ ಕಟ್ಟುತ್ತಿದ್ದರು: ಎರಡು ಕಡೆ ಕೆತ್ತಿದ ಕಲ್ಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಮೇಲೆ ಕಾವಲುಗಾರನ ಹಾದಿ, ತೆನೆಗಳು, ತೋಪಿನ ಕಿಂಡಿಗಳು ಎಲ್ಲಕ್ಕೂ ಆಗ ಜಾಗ ಸಿಗುತ್ತದೆ. ಸಂದಿಯ ಮೇಲೆ ಸಂದಿ ಬರಬಾರದು ಎಂಬುದನ್ನು ಹೇಳಬೇಕಾಗಿಲ್ಲ ತಾನೆ?

ಮಾಟುಂಗಾದ ಅಜ್ಜಿ, ಮುಂಬಯಿ

ಮೇಸ್ತ್ರಿಯವರು ಹೇಳಿದ್ದರ ಮೇಲೆ ನಾನು ಹೇಳಬೇಕಾದದ್ದು ಬಣ್ಣದ ಬಗ್ಗೆ ಮಾತ್ರ. ನಿಮ್ಮ ಷಡ್ಡಕರ ಇಟ್ಟಿಗೆಗಳು ಕೆಟ್ಟಿಲ್ಲ, ಬಿಸಿಲಿಗೆ ಹಳದಿಯಾಗಿಯೂ ಇಲ್ಲ. 2004ರ ಸುಮಾರಿಗೆ ಕಂಪನಿ ತನ್ನ ಬೂದು ಬಣ್ಣವನ್ನೇ ಬದಲಿಸಿ ನೀಲಿ ಛಾಯೆಯ ಬೂದು ತಂದಿತು. ಅವರದು ಅದಕ್ಕಿಂತ ಹಿಂದಿನದು, ನಿಮ್ಮದು ಆಮೇಲಿನದು. ನನ್ನ ಮಗನ ಪೆಟ್ಟಿಗೆಯನ್ನು ಈಗ ಮೊಮ್ಮಗ ಆಡುತ್ತಿದ್ದಾನೆ, ಹಾಗಾಗಿ ಎರಡೂ ಬೂದು ನಮ್ಮ ಮನೆಯಲ್ಲಿ ದಿನಾ ಕಾಲಿಗೆ ಚುಚ್ಚುತ್ತವೆ.

ಬೇರೆಬೇರೆಯಾಗಿ ಇಟ್ಟರೆ ತೇಪೆ ಹಾಕಿದಂತೆ ಕಾಣುತ್ತದೆ. ಎರಡನ್ನೂ ಒಂದು ಮೊರದಲ್ಲಿ ಹಾಕಿ ಅಕ್ಕಿಗೆ ಬೇಳೆ ಬೆರೆಸಿದ ಹಾಗೆ ಬೆರೆಸಿ, ಅರ್ಧ ಅವರಿಗೆ ಕೊಟ್ಟು ಅರ್ಧ ನೀವು ಇಟ್ಟುಕೊಳ್ಳಿ. ಕಲ್ಲಿನ ಗೋಡೆ ಎಲ್ಲಿ ಒಂದೇ ಬಣ್ಣದಲ್ಲಿರುತ್ತದೆ? ಬುಡದಲ್ಲಿ ನಾಲ್ಕು ಕಡುಹಸಿರು, ನಾಲ್ಕು ಕಂದು ಸೇರಿಸಿದರೆ ಪಾಚಿ ಹಿಡಿದಂತೆಯೂ ಆಯಿತು.

ವಸಯಿ ಕೋಟೆಯ ನೆರೆಯವ

ಅಜ್ಜಿಯವರಲ್ಲಿ ಕ್ಷಮೆ ಕೋರಿ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಬಣ್ಣವನ್ನು ಬೆರೆಸುವ ಬದಲು ಬೇರೆಯಾಗಿಯೇ ಇಟ್ಟು, ಕೊತ್ತಲದ ಆಕಾರದ ವಿವಾದವನ್ನೂ ಅದರಲ್ಲೇ ಬಗೆಹರಿಸಬಹುದು.

ದುಂಡು ಕೊತ್ತಲವೋ ಮೊನೆಚು ಕೊತ್ತಲವೋ ಎಂಬುದು ಬರಿಯ ಅಂದದ ಪ್ರಶ್ನೆಯಲ್ಲ. ದುಂಡು ಕೊತ್ತಲದ ಮೂತಿಯ ನೇರ ಮುಂದೆ ಒಂದಿಷ್ಟು ನೆಲ ಪಕ್ಕದ ಕೊತ್ತಲಗಳಿಂದ ಹಾರಿಸಿದ ಗುಂಡಿಗೆ ಸಿಗುವುದಿಲ್ಲ. ಶತ್ರು ಅಲ್ಲಿ ಅಡಗಿ ಬುಡ ಅಗೆಯಬಹುದು. ಕೊತ್ತಲವನ್ನು ಬಾಣದ ತುದಿಯಂತೆ ಮಾಡಿದರೆ ಅದರ ಎರಡು ಮುಖಗಳೂ ಪಕ್ಕದ ಕೊತ್ತಲಗಳ ತೋಪಿನ ದಾರಿಗೆ ಸಮನಾಗಿ ಬಂದು, ಅಡಗುವ ಜಾಗವೇ ಉಳಿಯುವುದಿಲ್ಲ. ಇಟಲಿಯಲ್ಲಿ ಹುಟ್ಟಿದ ಈ ಉಪಾಯವನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು, ಇಲ್ಲಿ ವಸಯಿಯಲ್ಲಿ ಅದನ್ನು ಇವತ್ತಿಗೂ ನೋಡಬಹುದು. ಸುತ್ತಲೂ ನೀರೇ ಇರುವ ಜಂಜೀರಾದಂಥ ಕಡಲಕೋಟೆಗೆ ಬುಡ ಅಗೆಯುವವನ ಭಯ ಕಡಿಮೆ, ಅಲ್ಲಿ ದುಂಡು ಕೊತ್ತಲವೇ ಅಲೆಯ ಹೊಡೆತಕ್ಕೂ ಒಳ್ಳೆಯದು. ಆದ್ದರಿಂದ ನೆಲದ ಕಡೆಯ ಮೂರು ತುಂಡುಗಳನ್ನು ಷಡ್ಡಕರು ಮೊನೆಚಾಗಿ, ಕಡಲ ಕಡೆಯ ಮೂರನ್ನು ನೀವು ದುಂಡಾಗಿ ಕಟ್ಟಿ. ಪೋರ್ಚುಗೀಸರು ಕಟ್ಟಿದ ಕೋಟೆಯನ್ನು ಮರಾಠರು ಗೆದ್ದು ವಿಸ್ತರಿಸಿದರು ಎಂಬ ಕಥೆ ಇಟ್ಟುಕೊಂಡರಾಯಿತು. ಚಿಮಾಜಿ ಅಪ್ಪಾ ವಸಯಿಯನ್ನು ಗೆದ್ದದ್ದು 1739ರ ಮೇ ತಿಂಗಳಿನಲ್ಲಿ. ಆಗ ಹಳೆಯ ಬೂದು ಹಳೆಯ ಗೋಡೆಗೆ, ಹೊಸ ಬೂದು ಹೊಸ ಗೋಡೆಗೆ ಸಹಜವಾಗಿಯೇ ಸಲ್ಲುತ್ತದೆ.

ಕಟ್ಟುವ ಬಗೆಯನ್ನೂ ಹೇಳುತ್ತೇನೆ, ಏಕೆಂದರೆ ಮೊನೆಚು ಕೊತ್ತಲದಲ್ಲಿ ಬಹಳ ಜನ ಎಡವುವುದು ಲೆಕ್ಕದಲ್ಲಿ. ಓರೆ ಗೋಡೆಯ ಎರಡು ತುದಿಗಳೂ ಸ್ಟಡ್ಡಿನ ಮೇಲೆಯೇ ಕೂರಬೇಕಾದರೆ ಶಾಲೆಯಲ್ಲಿ ಕಲಿತ 3-4-5ರ ಲಂಬಕೋನ ತ್ರಿಭುಜ ಬೇಕು. ಆದರೆ ಎಣಿಸಬೇಕಾದದ್ದು ಸ್ಟಡ್ಡುಗಳನ್ನಲ್ಲ, ಸ್ಟಡ್ಡುಗಳ ನಡುವಿನ ಅಂತರಗಳನ್ನು. 6 ಸ್ಟಡ್ಡಿನ ಪ್ಲೇಟಿನಲ್ಲಿ ಇರುವುದು 5 ಅಂತರ. ನಿಮ್ಮ ಕೋಟೆಯ ಗಾತ್ರಕ್ಕೆ ಮೂರು ಪಟ್ಟು ಮಾಡಿ: ಒಂದು ಕಡೆ 9 ಅಂತರ, ಇನ್ನೊಂದು ಕಡೆ 12, ಓರೆಗೋಡೆಗೆ 15, ಅಂದರೆ ತೂತುಗಳಿರುವ 16 ಸ್ಟಡ್ಡಿನ ಉದ್ದನೆಯ ಇಟ್ಟಿಗೆ ಕರಾರುವಾಕ್ಕಾಗಿ ಹೊಂದುತ್ತದೆ. ಎರಡು ತುದಿಗಳಿಗೂ ಒಂದೊಂದು ದುಂಡು ಪ್ಲೇಟ್ ಹಾಕಿ ಅದರ ಮೇಲೆ ಕೂರಿಸಿದರೆ ಗೋಡೆ ಬೇಕಾದ ಓರೆಗೆ ತಿರುಗಿ ನಿಲ್ಲುತ್ತದೆ. ಒಂದು ಸ್ಟಡ್ ತಪ್ಪಿ ಎಣಿಸಿದರೂ ಇಟ್ಟಿಗೆ ಬಗ್ಗಿ ಕೂತಂತೆ ಕಾಣುತ್ತದೆ, ಎರಡು ದಿನದಲ್ಲಿ ತಾನೇ ಎದ್ದುಬರುತ್ತದೆ.

ದುಂಡು ಕೊತ್ತಲಕ್ಕೆ ಲೆಕ್ಕವೇ ಬೇಡ. 1×2 ಇಟ್ಟಿಗೆ, ಒಂದು ಸ್ಟಡ್ಡಿನ ದುಂಡು ಇಟ್ಟಿಗೆ, ಮತ್ತೆ 1×2, ಮತ್ತೆ ದುಂಡು ಎಂದು ಸಾಲಾಗಿ ಪೋಣಿಸಿ, ಮೇಲಿನ ವರಸೆಯಲ್ಲಿ ಸ್ಥಾನ ಪಲ್ಲಟಿಸುತ್ತ ಹೋದರೆ ಗೋಡೆ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಅದನ್ನು ಅಡಿಗೆ ಎಲ್ಲ ಕಡೆಯೂ ಅಂಟಿಸಲಾಗದು, ನಾಲ್ಕು ಜಾಗದಲ್ಲಿ ಹಿಡಿದರೆ ಸಾಕು.

ಕೊನೆಯದಾಗಿ ಗೊಂಬೆಗಳ ಬಗ್ಗೆ. ಪೆಟ್ಟಿಗೆಯೊಡನೆ ಬರುವ ಕಥೆಯಲ್ಲಿ ಕೋಟೆಯೊಳಗಿರುವವರು ಸಿಪಾಯಿಗಳು, ಹೊರಗಿನಿಂದ ಬರುವವರು ಕಡಲ್ಗಳ್ಳರು. ನಮ್ಮ ಕರಾವಳಿಯಲ್ಲಿ ಇದು ಅಷ್ಟು ಸರಳವಲ್ಲ. ಕಾನ್ಹೋಜಿ ಆಂಗ್ರೆಯವರನ್ನು ಇಂಗ್ಲಿಷರು ಕಡಲ್ಗಳ್ಳ ಎಂದು ಕರೆದರು. ಅವರು ಮರಾಠಾ ನೌಕಾಪಡೆಯ ಸರಖೇಲ್, ಅಂದರೆ ಮುಖ್ಯಸ್ಥ, ಆಗಿದ್ದರು. ಪೋರ್ಚುಗೀಸರು ಕಡಲಿನಲ್ಲಿ ತಮ್ಮ ರಹದಾರಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದ ಹಾಗೆಯೇ ಅವರೂ ತಮ್ಮ ದಸ್ತಕ್ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಟ್ಟಾಗಿ ಅಲಿಬಾಗಿನ ಕೊಲಾಬಾ ಕೋಟೆಯ ಮೇಲೆ ಬಿದ್ದು ಸೋತು ಮರಳಿದರು. ನಿಜವಾದ ಕಡಲ್ಗಳ್ಳ ಬೇಕೆಂದರೆ 1695ರಲ್ಲಿ ಔರಂಗಜೇಬನ ಗಂಜ್-ಇ-ಸವಾಯಿ ಹಡಗನ್ನು ದೋಚಿದ ಹೆನ್ರಿ ಎವರಿ ಇದ್ದಾನೆ. ಪುಣೆಯ ಸೊಸೈಟಿಯ ಅಂಗಳದಲ್ಲಿ ಯಾವ ಗೊಂಬೆಯನ್ನು ಗೋಡೆಯ ಯಾವ ಬದಿಗೆ ನಿಲ್ಲಿಸುತ್ತೀರೆಂಬುದನ್ನು ಸ್ವಲ್ಪ ಯೋಚಿಸಿ ನಿರ್ಧರಿಸಿ.

ಡೊಂಬಿವಲಿಯ ಷಡ್ಡಕ

ನಾನೇ ಆ ಷಡ್ಡಕ. ಈ ಚರ್ಚೆಯನ್ನು ನನಗೆ ಕಳಿಸಿದವರು ನನ್ನ ನಾದಿನಿ, ಅಂದರೆ ಪ್ರಶ್ನೆ ಕೇಳಿದವರ ಧರ್ಮಪತ್ನಿ. "ಅಳತೆ ತಪ್ಪಿದ್ದು ಅವರಿಂದಲೇ" ಎಂಬ ವಾಕ್ಯವನ್ನೂ ಅದರ ಕೆಳಗೆ ಮೇಸ್ತ್ರಿಯವರು ಕೊಟ್ಟ ತೀರ್ಪನ್ನೂ ಸಾವಕಾಶವಾಗಿ ಓದಿ ಸಂತೋಷಪಟ್ಟೆ.

ಎಡಗೈಗೆ ಪಿನ್ನು, ಬಲಗೈಗೆ ತೂತು ಎಂಬ ನಿಯಮಕ್ಕೆ ನನ್ನ ಒಪ್ಪಿಗೆಯಿದೆ. ಕಳೆದ ರಾತ್ರಿ ಬೇಸ್‌ಪ್ಲೇಟಿನ ಮೇಲೆ ಒಂದು ವರಸೆ ಇಟ್ಟಿಗೆ ಜೋಡಿಸಿ ನನ್ನ ತುಂಡನ್ನು ಅದರ ಮೇಲೆ ಒತ್ತಿದೆ, ಒಂದೇ ಒಂದು ಇಟ್ಟಿಗೆಯೂ ಕಳಚಲಿಲ್ಲ. ಓರೆಗೋಡೆಯ ಲೆಕ್ಕದಲ್ಲಿ ಮಾತ್ರ ನಾನು ಸ್ಟಡ್ಡುಗಳನ್ನೇ ಎಣಿಸಿದ್ದೆ, ಆದ್ದರಿಂದಲೇ ಒಂದು ಮೂಲೆ ಸದಾ ಏಳುತ್ತಿತ್ತು. ಅದನ್ನು ಬಿಚ್ಚಿ 9, 12, 15ಕ್ಕೆ ತಂದಿದ್ದೇನೆ. ಬಣ್ಣದ ವಿಷಯದಲ್ಲಿ ನಾನು ವಸಯಿಯವರ ಪಕ್ಷ. ನನ್ನ ಚಿಕ್ಕಪ್ಪ ತಂದ ಇಟ್ಟಿಗೆಗಳು ಮೊರದಲ್ಲಿ ಬೆರೆತುಹೋದರೆ ಮತ್ತೆ ಆರಿಸುವವರು ಯಾರು?

ಗೊಂಬೆಗಳ ಬಗ್ಗೆ ಒಂದು ಮಾತು. ಲೆಗೊ ಗೊಂಬೆಗಳ ಮುಖವೆಲ್ಲ ಮೊದಲು ಒಂದೇ ನಗೆಯವಾಗಿದ್ದವು. 1989ರಲ್ಲಿ ಕಡಲ್ಗಳ್ಳರ ಸರಣಿ ಬಂದಾಗ ಗಡ್ಡ, ಕಣ್ಣುಪಟ್ಟಿ, ಕೊಕ್ಕೆಯ ಕೈ, ಮರದ ಕಾಲು ಬಂದವು. ಆ ಕಾಲದ ಮರದ ಕಾಲಿನ ಗೊಂಬೆಯೊಂದು ನನ್ನಲ್ಲಿ ಇನ್ನೂ ಇದೆ. ವಸಯಿಯವರು ಏನೇ ಹೇಳಲಿ, ಅವನು ಕೋಟೆಯ ಒಳಗೇ ಇರುತ್ತಾನೆ, ಬಂದೀಖಾನೆಯಲ್ಲಾದರೂ ಸರಿ.

ಕೋಥ್ರೂಡ್ ನಿವಾಸಿ, ಪುಣೆ

ಷಡ್ಡಕರ ಬಳಿ ಬಹಿರಂಗವಾಗಿಯೇ ಕ್ಷಮೆ ಕೇಳಿದ್ದೇನೆ, ಇಲ್ಲಿಯೂ ಕೇಳುತ್ತೇನೆ. ಉಳಿದವರೆಲ್ಲರಿಗೂ ಕೃತಜ್ಞತೆಗಳು.

ಮೂರು ರಾತ್ರಿ ಕೂತು ನನ್ನ ತುಂಡಿನ ಗೋಡೆಗಳನ್ನು ಬೇಸ್‌ಪ್ಲೇಟಿನಿಂದ ಬಿಡಿಸಿದೆ. ಇಡೀ ಗೋಡೆಯನ್ನು ಒಟ್ಟಿಗೆ ಎತ್ತಲು ಹೋಗಿ ಮೊದಲ ರಾತ್ರಿ ಒಂದು ಕೊತ್ತಲವನ್ನು ನೆಲಕ್ಕೆ ಬೀಳಿಸಿದೆ. ಆಮೇಲೆ ಇಟ್ಟಿಗೆ ಬಿಡಿಸುವ ಕಿತ್ತಳೆ ಬಣ್ಣದ ಚಿಕ್ಕ ಉಪಕರಣವನ್ನು ಅಂಚಿನ ಕೆಳಗೆ ತೂರಿಸಿ, ಒಂದು ಕೊನೆಯಿಂದ ರೊಟ್ಟಿ ಎಬ್ಬಿಸುವ ಹಾಗೆ ಎಬ್ಬಿಸುವುದನ್ನು ಕಲಿತೆ. ಭಾನುವಾರ ಡೊಂಬಿವಲಿಗೆ ಹೋಗಿ ಎರಡನ್ನೂ ಕೂಡಿಸಿ ನೋಡಿದೆವು. ಗೋಡೆಯ ಮೇಲ್ಭಾಗಕ್ಕೆ ಬೆರಳು ಎಳೆದರೆ ಸಂದಿ ತಿಳಿಯುವುದಿಲ್ಲ. ಬಣ್ಣದಲ್ಲಿ ಇಬ್ಬರ ಮಾತನ್ನೂ ಅರ್ಧರ್ಧ ಪಾಲಿಸಿದೆವು: ಗೋಡೆಗಳು ಬೇರೆಬೇರೆ ಬೂದು, ಬುಡದ ಎರಡು ವರಸೆ ಮಾತ್ರ ಅಜ್ಜಿಯವರು ಹೇಳಿದಂತೆ ಪಾಚಿಯದು.

ಈಗ ಹೊಸದೊಂದು ಗೊಂದಲ ಎದ್ದಿದೆ. ಕತ್ತರಿಸುವ ಜಾಗವನ್ನು ಕೊತ್ತಲದ ಮೂಲೆಗೆ ಸರಿಸಿದ ಮೇಲೆ ಹೆಬ್ಬಾಗಿಲು ಯಾರ ಪಾಲಿಗೂ ಬರದೆ ಉಳಿದುಬಿಟ್ಟಿದೆ. ಸಿಂಧುದುರ್ಗದಲ್ಲಿರುವಂತೆ ಹೊರಗಿನಿಂದ ನೋಡಿದರೆ ಬಾಗಿಲೇ ಕಾಣದ ಹಾಗೆ, ಎರಡು ಕೊತ್ತಲಗಳ ನಡುವೆ ಮರೆಯಾಗಿ ಮಾಡುವ ಆಸೆ ನನ್ನದು. ಹಾಗೆ ಮಾಡಿದರೆ ಬಾಗಿಲಿನ ಒಂದು ಪಕ್ಕ ನನ್ನ ದುಂಡು ಕೊತ್ತಲ, ಇನ್ನೊಂದು ಪಕ್ಕ ಅವರ ಮೊನೆಚು ಕೊತ್ತಲ ಬರುತ್ತದೆ, ಕಮಾನು ಸರಿಯಾಗಿ ಸಂದಿಯ ಮೇಲೆಯೇ ಕೂರುತ್ತದೆ. ಏಳನೆಯ ತುಂಡಾಗಿ ಬಾಗಿಲನ್ನೇ ಬೇರೆ ಮಾಡಬೇಕೆ, ಅಥವಾ ಕಮಾನನ್ನು ಒಂದೇ ಕಡೆಗೆ ಬಿಗಿದು ಇನ್ನೊಂದು ಕಡೆ ಸುಮ್ಮನೆ ಆನಿಸಿದರೆ ನಡೆದೀತೆ?

ಮಾಪುಸಾದ ಮೇಸ್ತ್ರಿ, ಗೋವಾ

ಒಂದೇ ಕಡೆ ಬಿಗಿಯಿರಿ, ಷಡ್ಡಕರ ಕಡೆಗೆ. ಇನ್ನೊಂದು ತುದಿಯ ಕೆಳಗೆ ಸ್ಟಡ್ಡಿಲ್ಲದ ನುಣುಪಾದ ಟೈಲ್ ಹಾಕಿ. ಕಮಾನು ಅದರ ಮೇಲೆ ಸುಮ್ಮನೆ ಕೂತು, ಬಿಚ್ಚುವಾಗ ಜಾರಿಕೊಂಡು ಬರುತ್ತದೆ. ಏಳನೆಯ ತುಂಡು ಬೇಡ, ರೈಲಿನಲ್ಲಿ ಅದನ್ನು ಹೊರುವವರು ಯಾರೆಂದು ಮತ್ತೆ ಮಾತು ಬೆಳೆಯುತ್ತದೆ. ಅಂಗಳದಲ್ಲಿ ಇಡುವ ಮುನ್ನ ಕೆಳಗೆ ಪ್ಲೈವುಡ್ ಹಾಸಿ ರಸಮಟ್ಟ ಇಟ್ಟು ನೋಡಲು ಮರೆಯಬೇಡಿ. ಮಳೆನೀರು ಹರಿಯಲೆಂದು ಎಲ್ಲ ಸೊಸೈಟಿಯ ಅಂಗಳಕ್ಕೂ ಇಳಿಜಾರು ಕೊಟ್ಟಿರುತ್ತಾರೆ.